ನನ್ನ ಕೋಟಿನ ಎಡ ಬಲ

ನಾನು ಮೂವತ್ತಾರು ವರ್ಷ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವನು. ಹಳೇಬೀಡಿನ ಸುತ್ತಮುತ್ತ ತಮ್ಮ ಎಡಗೈ ಯಾವುದು, ಬಲಗೈ ಯಾವುದು ಎಂದು ತಿಳಿದವರಲ್ಲಿ ಅರ್ಧ ಜನ ಅದನ್ನು ನನ್ನಿಂದಲೇ ಕಲಿತವರು. ಹೀಗಿದ್ದರೂ ಸಾವಿರದ ಒಂಬೈನೂರ ಎಪ್ಪತ್ತೆಂಟನೆಯ ಇಸವಿಯ ಗಣರಾಜ್ಯೋತ್ಸವದ ದಿನ, ಅರಸೀಕೆರೆಯಲ್ಲಿ, ಐನೂರು ಜನರ ಎದುರಿಗೆ, "ಈ ಯಜಮಾನರಿಗೆ ಎಡಬಲ ತಿಳಿಯದು" ಎಂದು ಒಬ್ಬ ಸರ್ಕಾರಿ ನೌಕರರು ಹೇಳಿದರು. ಹೇಳುವಾಗ ಅವರು ಮೈಕಿನ ಪಕ್ಕದಲ್ಲಿದ್ದರು. ಮೈಕು ಚಾಲೂ ಇತ್ತು. ಸುಮ್ಮನಿರಲು ನಾನು ಎಷ್ಟೋ ಪ್ರಯತ್ನಪಟ್ಟೆ. ಆತ್ಮಕ್ಕೆ ಅಂಟುವ ನಾಲ್ಕು ಕೊಳೆಗಳಲ್ಲಿ, ಅಂದರೆ ಕಷಾಯಗಳಲ್ಲಿ, ಕೋಪ ಮೊದಲನೆಯದೆಂದು ದಿನಾ ಬಸದಿಯಲ್ಲಿ ಕೇಳುವವನು ನಾನು. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿಡದೆ ಈ ಕೋಪ ಇಳಿಯುವಂತೆ ಕಾಣುವುದಿಲ್ಲ.

ನನ್ನ ಮಗ ಗೊಮ್ಮಟೇಶ ಸೈನ್ಯದಲ್ಲಿ ಲ್ಯಾನ್ಸ್ ನಾಯಕನಾಗಿದ್ದ. ಟೆಲಿಫೋನ್ ತಂತಿ ಎಳೆಯುವುದು ಅವನ ಕೆಲಸ. ಎಪ್ಪತ್ತೊಂದರ ಯುದ್ಧದಲ್ಲಿ, ಛಂಬ್ ಗಡಿಯಲ್ಲಿ, ತಂತಿ ಎಳೆಯುತ್ತಿದ್ದಾಗಲೇ ಹೋದ. ಇದನ್ನು ಕುರಿತು ಹೆಚ್ಚು ಬರೆಯುವುದಿಲ್ಲ. ನಾನು ಬರೆಯಲು ಕುಳಿತದ್ದು ಕೋಟಿನ ವಿಚಾರ.

ಅವನ ಮೂರು ಪದಕಗಳು ಕೆಲವು ವರ್ಷಗಳಾದ ಮೇಲೆ ರಿಜಿಸ್ಟರ್ ಅಂಚೆಯಲ್ಲಿ ಬಂದವು. ನನ್ನ ಮನೆಯಾಕೆ ಧರ್ಮಾವತಿ ಅವನ್ನು ದೇವರ ಕೋಣೆಯಲ್ಲಿಟ್ಟಳು. ಮೊದಲನೆಯ ವಾರವೇ ಬಸದಿಯ ತಂಬಿಗೆಯನ್ನು ಉಜ್ಜುವ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿದಳು. ಭಾರತ ಸರ್ಕಾರದ ಪದಕಗಳು ಅಷ್ಟು ಹೊಳೆದದ್ದನ್ನು ಸರ್ಕಾರವೂ ಕಂಡಿರಲಾರದು.

ಆ ವರ್ಷ ಜನವರಿಯಲ್ಲಿ ಅರಸೀಕೆರೆಯ ಉತ್ಸವ ಸಮಿತಿಯಿಂದ ಒಂದು ಕಾಗದ ಬಂತು. ಸುತ್ತಿನ ತಾಲ್ಲೂಕುಗಳಿಂದ ಹೋಗಿ ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಧ್ವಜದ ಎದುರಿಗೆ ಓದಲಾಗುವುದು. ಮನೆಯವರು ಪದಕಗಳನ್ನು ಧರಿಸಿ ಬರತಕ್ಕದ್ದು. ಧರ್ಮಾವತಿ ಇದನ್ನು ನನ್ನಿಂದ ನಾಲ್ಕು ಸಲ ಓದಿಸಿದಳು.

"ಹೆಸರು ಅಂದ್ರೆ ಪೂರ್ತಿ ಹೆಸರು ಓದ್ತಾರಾ?"

"ಪೂರ್ತಿ ಓದ್ತಾರೆ."

"ಎಲ್ಲರಿಗೂ ಕೇಳೋ ಹಾಗೆ?"

"ಮೈಕ್ ಇರುತ್ತೆ ಕಣೇ."

ಆರು ವರ್ಷಗಳಲ್ಲಿ ಅವನ ಹೆಸರನ್ನು ಗಟ್ಟಿಯಾಗಿ ಹೇಳಿದವರಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ನೋವಾಗದಿರಲೆಂದು ಹೇಳುತ್ತಿರಲಿಲ್ಲ. ಊರಿನವರು ನಮಗೆ ನೋವಾಗದಿರಲೆಂದು ಹೇಳುತ್ತಿರಲಿಲ್ಲ. ಈಗ ಸರ್ಕಾರ ಹೇಳುತ್ತದೆಯೆಂದರೆ ಹೋಗಲೇಬೇಕು.

ಪದಕ ಧರಿಸಿ ಬರಬೇಕೆಂದು ಬರೆದ ಪುಣ್ಯಾತ್ಮರು ಯಾವ ಕಡೆ ಧರಿಸಬೇಕೆಂದು ಬರೆದಿರಲಿಲ್ಲ. ಇದಕ್ಕೆ ನಮ್ಮ ಮನೆಯಲ್ಲಿ ಚರ್ಚೆಯೇ ಬೇಕಾಗಲಿಲ್ಲ. ಸ್ವಾಮಿಗೆ ಹೂವಿಡುವುದು ಬಲಗೈಯಿಂದ. ಅಭಿಷೇಕದ ಗಂಧೋದಕ ತೆಗೆದುಕೊಳ್ಳುವುದು ಬಲಗೈಯಿಂದ. ಪ್ರದಕ್ಷಿಣೆ ಬರುವಾಗ ಸ್ವಾಮಿ ನಮ್ಮ ಬಲಕ್ಕೆ. ಆದ್ದರಿಂದ ಧರ್ಮಾವತಿ ನನ್ನ ಕಪ್ಪು ಕೋಟಿನ ಬಲಗಡೆಗೆ ಮೂರೂ ಪದಕಗಳನ್ನಿಟ್ಟು, ಕೊಬ್ಬರಿ ಚೀಲ ಹೊಲಿಯುವ ದಾರದಲ್ಲಿ ಭದ್ರವಾಗಿ ಹೊಲಿದಳು. ಪಿನ್ನು ಹಾಕಿದರೆ ಬಸ್ಸಿನಲ್ಲಿ ಯಾರಾದರೂ ಕಿತ್ತುಕೊಂಡಾರು ಎಂದು ಅವಳ ಭಯ.

ಇಪ್ಪತ್ತೈದನೆಯ ತಾರೀಕು ಮಧ್ಯಾಹ್ನ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆವು. ನಮ್ಮ ಹಿಂದಿನ ಸೀಟಿನಲ್ಲಿ ಮಾಜಿ ಹವಾಲ್ದಾರ್ ಮರುಳಪ್ಪ ಕುಳಿತಿದ್ದ. ಮರುಳಪ್ಪ ನನ್ನ ಹಳೆಯ ಶಿಷ್ಯ. ಸೈನ್ಯದಲ್ಲಿ ಹದಿನೈದು ವರ್ಷ ಇದ್ದು ಬಂದವನು. ನಮ್ಮ ಊರಿನಲ್ಲಿ ಸೈನ್ಯಕ್ಕೆ ಸಂಬಂಧಪಟ್ಟ ಯಾವ ಪ್ರಶ್ನೆಗಾದರೂ, ಬಾಂಬಿನಿಂದ ಹಿಡಿದು ಬೂಟ್ ಪಾಲಿಶ್‌ವರೆಗೆ, ಕೊನೆಯ ಮಾತು ಅವನದು. ಅವನೂ ಅದೇ ಸಮಾರಂಭಕ್ಕೆ ಹೊರಟಿದ್ದ. ಎದೆಯ ಎಡಗಡೆ ಎರಡು ಪದಕಗಳು ತೂಗುತ್ತಿದ್ದವು.

"ಮೇಷ್ಟ್ರೇ, ಇದೇನ್ ಮಾಡ್ಕಂಡಿದ್ದೀರಿ?"

"ಏನಯ್ಯ?"

"ಪದಕ ಬಲಗಡೆ ಐತೆ."

"ಹೌದು. ಬಲಗಡೆಯೇ ಇದೆ."

"ಮಿಲಿಟ್ರಿನಾಗೆ ಪದಕ ಅಂದ್ರೆ ಎಡಗಡೆ. ಗುಂಡಿಗೆ ಎಲ್ಲೈತೋ ಅಲ್ಲಿ. ಬಲಗಡೆ ಹಾಕ್ಕಂಡ್ ಹೋದ್ರೆ ಗೇಟ್‌ನಾಗೇ ನಿಲ್ಲುಸ್ತಾರೆ. ಗೊಮ್ಮಟೇಶಪ್ಪನ ಹೆಸ್ರಿಗೇ ಅವಮಾನ."

ಧರ್ಮಾವತಿ ತಿರುಗಿ ನೋಡಿದಳು. "ನಮ್ಮಲ್ಲಿ ಒಳ್ಳೇ ವಸ್ತುಗೆ ಎಡಗಡೆ ಇಲ್ಲ ಕಣಪ್ಪ."

"ಅಮ್ಮಾವ್ರೇ, ಇದು ಬಸದಿ ಅಲ್ಲ, ಮಿಲಿಟ್ರಿ."

ಇಷ್ಟು ಹೊತ್ತಿಗೆ ವಿಷಯ ಬಸ್ಸಿಗೆಲ್ಲ ಗೊತ್ತಾಗಿತ್ತು. ಬಲ ಎಂದವರು ಕೆಲವರು, ಎಡ ಎಂದವರು ಹಲವರು. ಹೂಕೋಸಿನ ಬುಟ್ಟಿ ಇಟ್ಟುಕೊಂಡಿದ್ದ ಹನುಮಮ್ಮ ಎಂಬಾಕೆ, "ಆ ಕಡೀಕೊಂದು ಈ ಕಡೀಕೊಂದು ಹಾಕ್ಕಳಿ ಸ್ವಾಮಿ, ಮಿಕ್ಕಿದ್ದೊಂದ ಮಧ್ಯಕ್ಕೆ ಹಾಕ್ಕಳಿ, ಯಾರ್ಗೂ ಬ್ಯಾಸರ ಇರಾಕಿಲ್ಲ" ಎಂದಳು. ಕಂಡಕ್ಟರು ಬಂದು, "ಮೊದ್ಲು ಟಿಕೆಟ್ ತಗಳಿ, ಆಮ್ಯಾಕೆ ಯುದ್ಧ ಮಾಡ್ಕಳಿ" ಎಂದ. ನನ್ನ ಎದೆಯ ಬಗ್ಗೆ ಅಭಿಪ್ರಾಯವಿಲ್ಲದೆ ಕುಳಿತಿದ್ದವನು ಆ ಬಸ್ಸಿನಲ್ಲಿ ಡ್ರೈವರ್ ಒಬ್ಬನೇ. ಅವನೂ ಜಾವಗಲ್ಲಿನಲ್ಲಿ ಬಸ್ಸು ನಿಲ್ಲಿಸಿದಾಗ ಹಿಂದಿರುಗಿ ನೋಡಿ, "ಎಡಗಡೇನೇ" ಎಂದ.

ಅರಸೀಕೆರೆಯಲ್ಲಿ ನಾವು ಇಳಿದುಕೊಂಡದ್ದು ಧರ್ಮಾವತಿಯ ತಮ್ಮ ಅನಂತನಾಥನ ಮನೆಯಲ್ಲಿ. ಕೊಬ್ಬರಿ ವ್ಯಾಪಾರಿ. ಶಾಮಿಯಾನ ಕೊಡಿಸಿದ್ದರಿಂದ ಉತ್ಸವ ಸಮಿತಿಯ ಸದಸ್ಯನೂ ಹೌದು. ಮರುಳಪ್ಪ ಅಲ್ಲಿಗೂ ನಮ್ಮ ಹಿಂದೆಯೇ ಬಂದ. ನನ್ನನ್ನು ತಿದ್ದದೆ ಬಿಡುವುದಿಲ್ಲವೆಂದು ಅವನು ಸಂಕಲ್ಪ ಮಾಡಿಕೊಂಡಂತಿತ್ತು.

ಅನಂತನಾಥ ನನ್ನ ಕೋಟನ್ನು ನೋಡಿ ಮುಖ ಹುಳ್ಳಗೆ ಮಾಡಿಕೊಂಡ. "ಭಾವ, ನನ್ನ ಕೇಳಿದ್ರೆ ಎಡಾನೂ ಬೇಡ, ಬಲಾನೂ ಬೇಡ. ನಾವು ಅಹಿಂಸೆಯವರು. ಯುದ್ಧದ ಪದಕ ಹಾಕ್ಕೊಂಡು ತಿರುಗಾಡಿದ್ರೆ ಜನ ಏನಂತಾರೆ?"

"ಹೊಯ್ಸಳರ ದಂಡನಾಯಕ ಗಂಗರಾಜ ಯಾರಯ್ಯ? ಜೈನ ತಾನೆ? ಅವನ ಮಗ ಅವನ ನೆನಪಿಗೆ ಕಟ್ಟಿಸಿದ ಬಸದಿಯಲ್ಲಿ ನಿನ್ನ ಮದುವೆಗೆ ಮುಂಚೆ ಪೂಜೆ ಮಾಡಿಸಿದೆಯಲ್ಲ, ಆಗ ಜನ ಏನಂದರು?"

ಅನಂತನಾಥ ಕೊಬ್ಬರಿ ಚೀಲಗಳ ಕಡೆ ತಿರುಗಿದ. ಮರುಳಪ್ಪ ಬಿಡಲಿಲ್ಲ. ಗೋಡೆಯ ಮೇಲೆ ಯಾವುದೋ ಬೀಡಿ ಕಂಪೆನಿಯ ಕ್ಯಾಲೆಂಡರಿನಲ್ಲಿ ಮೀಸೆ ಹೊತ್ತ ಸೈನಿಕನೊಬ್ಬ ನಿಂತಿದ್ದ. "ನೋಡಿ ಮೇಷ್ಟ್ರೇ, ಪದಕ ಯಾವ ಕಡೀಕ್ ಐತೆ?"

ನಾನು ಕ್ಯಾಲೆಂಡರಿನ ಎದುರಿಗೆ ನಿಂತು ನನ್ನ ಬಲಗೈ ಎತ್ತಿದೆ. ಪದಕಗಳು ನನ್ನ ಬಲಗೈಯ ನೇರಕ್ಕೇ ಇದ್ದವು. "ಬಲಗಡೆ!"

"ಅದು ನಿಮ್ ಬಲ. ಅವನ್ಗೆ ಅದು ಎಡ."

"ಹಾಗಾದರೆ ಅವನು ತಿರುಗಿ ನಿಂತರೆ?"

"ಅವನ್ಯಾಕೆ ತಿರುಗ್ತಾನೆ? ಅವನು ಕ್ಯಾಲೆಂಡರ್."

ಅನಂತನಾಥ ನಮ್ಮನ್ನು ಸರಿಪಡಿಸಲೆಂದು ಗೋಡೆಗೆ ಬೆನ್ನುಕೊಟ್ಟು ಸೈನಿಕನ ಹಾಗೆ ನಿಂತ. ಮರುಳಪ್ಪ ಅವನ ಎದುರಿಗೆ ನಿಂತ. ನಾನು ಇಬ್ಬರ ಮಧ್ಯೆ ನಿಂತು, ಯಾರ ಎಡ ಯಾರಿಗೆ ಬಲವೆಂದು ಕೈ ತಿರುಗಿಸುತ್ತಿದ್ದೆ. ನಾವು ಮೂವರು ಗಂಡಸರು ನಡುಮನೆಯಲ್ಲಿ ಸುತ್ತುತ್ತಿದ್ದುದನ್ನು ಕೊಬ್ಬರಿ ತೂಕಕ್ಕೆ ಬಂದಿದ್ದ ರೈತರು ಬಾಗಿಲಲ್ಲಿ ನಿಂತು ನೋಡಿ, ಇವರ ಮನೆಯಲ್ಲಿ ಏನೋ ವ್ರತವಿರಬೇಕೆಂದು ಚಪ್ಪಲಿ ಬಿಟ್ಟು ನಿಂತರು.

ಕೊನೆಗೆ ನಾನು ಸೋತೆ. ಪ್ರಪಂಚದ ಸೈನಿಕರೆಲ್ಲ ಎಡಗಡೆ ಹಾಕುತ್ತಾರೆಂದರೆ ನನ್ನ ಮಗನ ಪದಕ ಮಾತ್ರ ಬಲಗಡೆ ಏಕಿರಬೇಕು? ಅವನಿಗೆ ನನ್ನಿಂದ ಅವಮಾನವಾಗಬಾರದು. ಧರ್ಮಾವತಿ ಕೋಟನ್ನು ತೆಗೆದುಕೊಂಡಳು. ಸೂರ್ಯಾಸ್ತಕ್ಕೆ ಮೊದಲೇ ಎಲ್ಲರಿಗೂ ಊಟ ಬಡಿಸಿ, ತಾನು ಉಣ್ಣದೆ, ಬಲಗಡೆಯ ಹೊಲಿಗೆ ಬಿಚ್ಚಿ ಎಡಗಡೆ ಹಾಕಿದಳು. ಮನಸ್ಸಿನ ಸಿಟ್ಟೆಲ್ಲ ದಾರದಲ್ಲಿ ತೀರಿಸಿಕೊಂಡಳೆಂದು ತೋರುತ್ತದೆ. ಎರಡೆಳೆ ಇದ್ದದ್ದು ಈ ಸಲ ನಾಲ್ಕೆಳೆಯಾಗಿತ್ತು.

ಬೆಳಿಗ್ಗೆ ಮೈದಾನಕ್ಕೆ ಹೋದೆವು. ಬಾಗಿಲಲ್ಲಿ ಮೇಜು ಹಾಕಿಕೊಂಡು ಸಮಿತಿಯ ಕಾರ್ಯದರ್ಶಿ ಜಯದೇವಪ್ಪನವರು ಕುಳಿತಿದ್ದರು. ಯಾವುದೋ ಕಚೇರಿಯ ಗುಮಾಸ್ತರು. ಅವರ ಮುಂದೆ ಒಂದು ದಪ್ಪ ಹಾಜರಿ ಪುಸ್ತಕ, ಒಂದು ಟೈಪು ಮಾಡಿದ ಪಟ್ಟಿ, ಒಂದು ಕೆಂಪು ಪೆನ್ಸಿಲು. ಅವರು ನನ್ನ ಮುಖ ನೋಡಲಿಲ್ಲ. ನನ್ನ ಎದೆಯ ಎಡಗಡೆ ನೋಡಿದರು. ಒಂದು ಪದಕವನ್ನು ಬೆರಳಿನಲ್ಲಿ ತಿರುಗಿಸಿ, ಅದರ ಅಂಚಿನಲ್ಲಿ ಕೊರೆದಿದ್ದ ನಂಬರನ್ನೂ ಹೆಸರನ್ನೂ ಕನ್ನಡಕವೆತ್ತಿ ಓದಿದರು.

"ಗೊಮ್ಮಟೇಶ. ಲ್ಯಾನ್ಸ್ ನಾಯಕ್. ಸರಿ ತಾನೆ?"

"ಸರಿ ಸ್ವಾಮಿ. ಅವನದೇ" ಎಂದೆ. ಅಷ್ಟು ಹೊತ್ತಿಗೆ ಹಿಂದೆ ನಿಂತವರು ದೂಡುತ್ತಿದ್ದರು. ನನ್ನ ಎರಡನೆಯ ಮಾತು ಅವರ ಕಿವಿಗೆ ಬೀಳಲಿಲ್ಲ. ಪುಸ್ತಕದಲ್ಲಿ ಏನೋ ಬರೆದು, ಪಟ್ಟಿಯ ಮೇಲೆ ಪೆನ್ಸಿಲು ಆಡಿಸಿದರು.

"ಬನ್ನಿ ಬನ್ನಿ, ಮುಂದಿನ ಸಾಲಿಗೆ. ಅಮ್ಮಾವ್ರು ಹೆಂಗಸರ ಕಡೆ ಹೋಗಲಿ."

ಮಡಿದವರ ಮನೆಯವರಿಗೆ ಇಷ್ಟು ಮರ್ಯಾದೆ ಇದೆಯಲ್ಲ ಎಂದು ನನ್ನ ಕಣ್ಣು ತುಂಬಿತು. ಮುಂದಿನ ಸಾಲಿನಲ್ಲಿ ಕುರ್ಚಿ. ಪಕ್ಕದಲ್ಲಿ ಮರುಳಪ್ಪ. ಹೋಂ ಗಾರ್ಡಿನವನೊಬ್ಬ ನನ್ನ ಮುಂದೆ ನಿಂತು ಕಾಲು ಅಪ್ಪಳಿಸಿ ಸಲ್ಯೂಟ್ ಹೊಡೆದ. ಶರಬತ್ತು ತಂದುಕೊಟ್ಟ. ಇಲ್ಲಿ ನನ್ನ ತಪ್ಪನ್ನೂ ಮರೆಮಾಚದೆ ಬರೆಯಬೇಕು. ಸಲ್ಯೂಟ್ ಹೊಡೆದಾಗ ನಾನು ಸುಮ್ಮನೆ ಕೈಮುಗಿಯಬಹುದಾಗಿತ್ತು. ಹಾಗೆ ಮಾಡದೆ, ಕ್ಯಾಲೆಂಡರಿನ ಸೈನಿಕನ ಹಾಗೆ ಗದ್ದ ಎತ್ತಿ ತಲೆಯಾಡಿಸಿದೆ. ಎರಡನೆಯವನು ಹೊಡೆದಾಗಲೂ ಆಡಿಸಿದೆ.

ಶರಬತ್ತು ಅರ್ಧ ಕುಡಿದಿರುವಾಗ ಅನಂತನಾಥ ಓಡಿಬಂದ.

"ಭಾವ, ಅನರ್ಥ ಆಯ್ತು. ಗೊಮ್ಮಟೇಶ ಬದುಕಿದ್ದಾನಂತೆ."

ಲೋಟ ನನ್ನ ಕೈಯಿಂದ ಮರುಳಪ್ಪನ ಮಡಿಲಿಗೆ ಬಿತ್ತು.

"ಮಡಿದವರ ಪಟ್ಟೀಲಿ ಅವನ ಹೆಸರಿಗೆ ಕೆಂಪು ಗೀಟು ಹೊಡೆದಿದ್ದಾರೆ. ಪಕ್ಕದಲ್ಲಿ 'ಆಸಾಮಿ ಖುದ್ದು ಹಾಜರಿದ್ದಾರೆ' ಅಂತ ಬರೆದಿದ್ದಾರೆ. ಆ ಆಸಾಮಿ ನೀವೇ."

ನಾನು ಎದ್ದು ವೇದಿಕೆಯ ಕಡೆ ನಡೆದೆ. ಜಯದೇವಪ್ಪನವರು ಮೈಕಿನ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದರು. "ಸ್ವಾಮಿ, ನಾನು ಗೊಮ್ಮಟೇಶ ಅಲ್ಲ, ಅವನ ತಂದೆ. ನನ್ನ ಮಗನ ಹೆಸರು ಪಟ್ಟಿಗೆ ಮತ್ತೆ ಸೇರಿಸಿ" ಎಂದೆ.

"ಪದಕ ಯಾವ ಕಡೆ ಹಾಕಿದ್ದೀರಿ?"

"ಎಡಗಡೆ."

"ಎಡಗಡೆ ಹಾಕೋರು ಯಾರು? ಗಳಿಸಿದೋರು. ಅಂಚಿನಲ್ಲಿ ಯಾರ ಹೆಸರಿದೆ? ಗೊಮ್ಮಟೇಶ ಅಂತ. ಅಂದ ಮೇಲೆ ನೀವು ಗೊಮ್ಮಟೇಶ."

"ನನಗೆ ಅರವತ್ತೊಂಬತ್ತು ವರ್ಷ ಸ್ವಾಮಿ."

"ಈ ಪುಸ್ತಕದಲ್ಲಿ ವಯಸ್ಸಿನ ಕಾಲಂ ಇಲ್ಲ."

"ನನ್ನ ಮುಖ ನೋಡಿ."

"ಮುಖದ ಕಾಲಮ್ಮೂ ಇಲ್ಲ." ಅವರು ದನಿ ತಗ್ಗಿಸಿದರು. "ನೋಡಿ ಯಜಮಾನರೇ, ನೀವು ಗೊಮ್ಮಟೇಶ ಅಲ್ಲ ಅನ್ನೋದಾದ್ರೆ ಇನ್ನೊಬ್ಬರ ಪದಕ ಎಡಗಡೆ ಹಾಕ್ಕೊಂಡು, ಸೈನಿಕರ ಸಾಲಲ್ಲಿ ಕೂತು, ಎರಡು ಸಲ್ಯೂಟ್ ತಗೊಂಡಿದ್ದೀರಿ. ಕಾನೂನಿನಲ್ಲಿ ಇದು ಅಪರಾಧ. ಅಲ್ಲಿ ಇನ್ಸ್‌ಪೆಕ್ಟರು ನಿಂತಿದ್ದಾರೆ. ಗೊಮ್ಮಟೇಶ ಆಗಿರೋದೇ ನಿಮಗೆ ವಾಸಿ."

ನಾನು ಮರುಳಪ್ಪನನ್ನು ಕೈಮಾಡಿ ಕರೆದೆ. "ಎಡಗಡೆ ಹಾಕಿಸಿದ್ದು ಇವನು. ಕೇಳಿ."

ಮರುಳಪ್ಪ ಶರಬತ್ತು ಒರೆಸಿಕೊಳ್ಳುತ್ತ ಬಂದ. "ನಾ ಹೇಳಿದ್ದು ಬದುಕಿರೋರ ವಿಚಾರ ಸಾರ್. ಹೋದೋರದ್ದು ಹೆಂಗೆ ಅಂತ ನಂಗೊತ್ತಿಲ್ಲ. ನಾ ಇದ್ದಿದ್ದು ಉಗ್ರಾಣದಾಗೆ. ಕಂಬಳಿ ಎಣಿಸ್ತಿದ್ದೆ."

ಹದಿನೈದು ವರ್ಷದ ಸೈನ್ಯಶಾಸ್ತ್ರ ಕಂಬಳಿಯೊಳಗಿಂದ ಬಂದದ್ದೆಂದು ನಮ್ಮ ಊರಿಗೆ ಆವತ್ತು ತಿಳಿಯಿತು.

ನಾನು ಮತ್ತೆ ಜಯದೇವಪ್ಪನವರ ಕಡೆ ತಿರುಗಿದೆ. "ಅವನು ಸತ್ತಿದ್ದಾನೆ ಸ್ವಾಮಿ" ಎಂದೆ. ಆರು ವರ್ಷಗಳಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಹೋದ ಎನ್ನುತ್ತಿದ್ದೆ, ಇಲ್ಲ ಎನ್ನುತ್ತಿದ್ದೆ. ಈಗ ಜಮೀನಿನ ಖಾತೆ ಬದಲಾಯಿಸಲು ಬಂದವನ ಹಾಗೆ, ನನ್ನ ಮಗ ಸತ್ತಿದ್ದಾನೆ, ದಯವಿಟ್ಟು ಸತ್ತಿದ್ದಾನೆಂದು ಬರೆದುಕೊಳ್ಳಿ ಎಂದು ಒಬ್ಬ ಗುಮಾಸ್ತರ ಮುಂದೆ ಕೈಮುಗಿದು ಬೇಡುತ್ತಿದ್ದೆ.

"ದಾಖಲೆ ತಂದಿದ್ದೀರಾ?"

"ಸೈನ್ಯದಿಂದ ಬಂದ ತಾರು ಮನೆಯಲ್ಲಿದೆ."

"ಹಾಗಿದ್ರೆ ಮುಂದಿನ ವರ್ಷ ನೋಡೋಣ." ಅವರು ಇನ್ಸ್‌ಪೆಕ್ಟರ ಕಡೆ ತಿರುಗಿ, ನಾನು ಮೊದಲೇ ಬರೆದ ಆ ಮಾತನ್ನು ಹೇಳಿದರು. "ಈ ಯಜಮಾನರಿಗೆ ಎಡಬಲ ತಿಳಿಯದು." ಐನೂರು ಜನ ನಕ್ಕರು. ಹೆಂಗಸರ ಸಾಲಿನಲ್ಲಿ ಧರ್ಮಾವತಿ ನಗಲಿಲ್ಲ.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು. ಸಕಲೇಶಪುರದ ಕಡೆಯ ಒಬ್ಬ ನಿವೃತ್ತ ಮೇಜರ್ ಸಾಹೇಬರು. ನನ್ನನ್ನು ಮತ್ತೆ ಕುರ್ಚಿಗೆ ತಳ್ಳಿದರು. ಧ್ವಜ ಏರಿತು. ರಾಷ್ಟ್ರಗೀತೆಯಾಯಿತು. ಆಮೇಲೆ ಜಯದೇವಪ್ಪನವರು ಮಾಜಿ ಯೋಧರ ಹಾಜರಿ ಕೂಗತೊಡಗಿದರು. ಕೂಗಿದವರು ಎದ್ದು "ಹಾಜರ್" ಎನ್ನಬೇಕು. ಮರುಳಪ್ಪ ಎದ್ದು, ಪಕ್ಕದ ಊರು ಬಾಣಾವರಕ್ಕೂ ಕೇಳುವ ಹಾಗೆ "ಹಾಜರ್" ಎಂದ.

"ಲ್ಯಾನ್ಸ್ ನಾಯಕ್ ಗೊಮ್ಮಟೇಶ."

ಮೈಕಿನಲ್ಲಿ, ಪೂರ್ತಿ ಹೆಸರು, ಎಲ್ಲರಿಗೂ ಕೇಳುವ ಹಾಗೆಯೇ ಬಂತು. ಅನಂತನಾಥ ಹಿಂದಿನಿಂದ, "ಹಾಜರ್ ಅಂದುಬಿಡಿ ಭಾವ, ಪೊಲೀಸಿನವನು ನೋಡ್ತಿದ್ದಾನೆ" ಎಂದು ಪಿಸುಗುಟ್ಟಿದ. ಸುಳ್ಳು ಹೇಳುವುದಿಲ್ಲವೆಂಬ ವ್ರತ ಹಿಡಿದು ಇಪ್ಪತ್ತು ವರ್ಷವಾಗಿದೆ. ಆದರೆ ಆ ಗಳಿಗೆಯಲ್ಲಿ ನನ್ನನ್ನು ತಡೆದದ್ದು ವ್ರತವಲ್ಲ. ಹಾಜರ್ ಎಂಬ ಆ ಒಂದು ಮಾತಿನ ಮೇಲೆ ನನಗೆ ಎಷ್ಟು ಆಸೆಯಾಯಿತೆಂದರೆ, ಬಾಯಿ ತೆರೆದರೆ ನಾನು ಏನು ಹೇಳುತ್ತೇನೋ ನನಗೇ ತಿಳಿಯದೆ ಹೋಯಿತು. ಬಾಯಿ ಮುಚ್ಚಿಕೊಂಡು ಕುಳಿತೆ.

"ಗೊಮ್ಮಟೇಶ" ಎಂದು ಜಯದೇವಪ್ಪನವರು ಮತ್ತೆ ಕೂಗಿ, ನನ್ನನ್ನು ದುರುಗುಟ್ಟಿ ನೋಡಿದರು.

ಹೆಂಗಸರ ಸಾಲಿನಲ್ಲಿ ಧರ್ಮಾವತಿ ಎದ್ದು ನಿಂತಳು.

"ಅವನು ಬಂದಿಲ್ಲ" ಎಂದಳು. "ಅವರಪ್ಪ ಬಂದಿದ್ದಾರೆ. ನಾನು ಬಂದಿದ್ದೀನಿ."

ಮೈಕು ಅವಳ ಹತ್ತಿರ ಇರಲಿಲ್ಲ. ಆದರೂ ಮೈದಾನದ ಕೊನೆಯವರೆಗೂ ಕೇಳಿಸಿತು. ಮೇಜರ್ ಸಾಹೇಬರು ವೇದಿಕೆಯಿಂದ ಇಳಿದು, ಹೆಂಗಸರ ಸಾಲಿಗೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ, ಅವಳ ಮುಂದೆ ಬಂದು ನಿಂತರು.

"ಗೊಮ್ಮಟೇಶ ನಿಮ್ಮ ಮಗನೇನಮ್ಮ?"

"ಹೌದಪ್ಪ. ಎಪ್ಪತ್ತೊಂದರಲ್ಲಿ ಹೋದ. ಪದಕ ನಾನು ಬಲಗಡೆ ಹೊಲಿದಿದ್ದೆ. ಎಲ್ಲರೂ ಸೇರಿ ಎಡಗಡೆ ಹೊಲಿಸಿದರು. ಎಡಗಡೆ ಇದೆ ಅಂತ ಈಗ ಅವನ ಹೆಸರು ತೆಗೆದಿದ್ದಾರಂತೆ."

"ನೀವು ಹೊಲಿದದ್ದೇ ಸರಿ ಇತ್ತಮ್ಮ. ಗಳಿಸಿದವನಿಗೆ ಎಡಗಡೆ. ಅವನು ಇಲ್ಲವಾದರೆ ಅವನ ಮನೆಯವರು ಹಾಕಿಕೊಳ್ಳಬೇಕಾದದ್ದು ಬಲಗಡೆ. ನಿಯಮ ಇರುವುದೇ ಹಾಗೆ."

ಧರ್ಮಾವತಿ ನನ್ನನ್ನು ನೋಡಿದಳು. ನಾನು ಮರುಳಪ್ಪನನ್ನು ನೋಡಿದೆ. ಮರುಳಪ್ಪ ಧ್ವಜವನ್ನು ನೋಡಿದ.

ಅವಳು ಬಂದು, ಎಲ್ಲರ ಎದುರಿಗೆ, ನನ್ನ ಕೋಟಿನ ದಾರವನ್ನು ಹಲ್ಲಿನಿಂದ ಕಚ್ಚತೊಡಗಿದಳು. ನಾಲ್ಕೆಳೆ ದಾರ ಬಗ್ಗಲಿಲ್ಲ. ಮೇಜರ್ ಸಾಹೇಬರು ಜೇಬಿನಿಂದ ಚಾಕು ತೆಗೆದುಕೊಟ್ಟರು. ಪದಕಗಳ ಜೊತೆಯಲ್ಲಿ ಅಂಗೈಯಗಲ ಬಟ್ಟೆಯೂ ಕಿತ್ತುಬಂತು. ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಅವಳು ಮೂರನ್ನೂ ನನ್ನ ಬಲಗಡೆ ಹಾಕುವವರೆಗೂ ಇನ್ಸ್‌ಪೆಕ್ಟರೂ ಸೇರಿ ಎಲ್ಲರೂ ಎದ್ದು ನಿಂತೇ ಇದ್ದರು. ನಂತರ ಮೇಜರ್ ಸಾಹೇಬರು ಮಡಿದವರ ಪಟ್ಟಿಯನ್ನು ತಾವೇ ತೆಗೆದುಕೊಂಡು, ಕೆಂಪು ಗೀಟಿನ ಕೆಳಗಿದ್ದ ಹೆಸರನ್ನು ಎಲ್ಲಕ್ಕಿಂತ ಮೊದಲು ಓದಿದರು. ನಾವಿಬ್ಬರೂ ಕೇಳಿದೆವು.

ಇಲ್ಲಿಗೆ ಮುಗಿಯಿತೆಂದು ನೀವು ತಿಳಿದರೆ ನಿಮಗೆ ಜಯದೇವಪ್ಪನವರ ಪರಿಚಯವಿಲ್ಲ. ಲಾಡು ಹಂಚುವಾಗ ನನ್ನನ್ನು ಮೇಜಿಗೆ ಕರೆಸಿದರು. ಹಾಜರಿ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದ ಹೆಸರನ್ನು ತೆಗೆಯಲು ಬರುವುದಿಲ್ಲವಂತೆ. ಎರಡು ಸಲ ಕೂಗಿದರೂ ಉತ್ತರ ಬಾರದ್ದರಿಂದ ಆ ಹೆಸರಿನ ಮುಂದೆ "ಗೈರುಹಾಜರು" ಎಂದು ಬರೆದಿದ್ದರು. ಗೈರುಹಾಜರಾದವರಿಗೆ ಷರಾ ಕಾಲಮಿನಲ್ಲಿ ಕಾರಣ ತೋರಿಸದಿದ್ದರೆ ಮೇಲಿನವರು ಪುಸ್ತಕ ವಾಪಸು ಕಳಿಸುತ್ತಾರಂತೆ.

"ಕಾರಣ ನೀವೇ ಬರೆದುಬಿಡಿ. ಚಿಕ್ಕದಾಗಿ ಬರೆಯಿರಿ, ಜಾಗ ಕಡಿಮೆ ಇದೆ" ಎಂದು ಪೆನ್ನು ಚಾಚಿದರು.

ಆ ಪುಸ್ತಕವನ್ನು ಅವರ ತಲೆಯ ಮೇಲೆ ಹಾಕಬೇಕೆಂದು, ಅಹಿಂಸೆಯನ್ನು ಅರ್ಧ ಗಳಿಗೆ ಮರೆತು, ನಿಜವಾಗಿಯೂ ಅಂದುಕೊಂಡೆ. ಪೆನ್ನು ತೆಗೆದುಕೊಂಡೆ. ಷರಾ ಕಾಲಮಿನಲ್ಲಿ, ಹಲಗೆಯ ಮೇಲೆ ಬರೆಯುವ ಹಾಗೆ ದುಂಡಗೆ ಬರೆದೆ: "ಛಂಬ್ ಗಡಿ. ತಾರೀಕು ೭-೧೨-೧೯೭೧. ತಂತಿ ಎಳೆಯುತ್ತಿದ್ದಾನೆ."

ಜಯದೇವಪ್ಪನವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಯಾರೂ ಹೇಳದೆ, ಆ ಪುಸ್ತಕದ ಎದುರಿಗೆ ಎದ್ದು ನಿಂತರು.

ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಮತ್ತೆ ಕುಳಿತು ಮೊಹರು ಒತ್ತಿದರು.